ನೂರ ಒಂದನೇ ಕಲ್ಲು

ಸೋಪಿನಿಂದ ಹಿಡಿದು ಚಪ್ಪಲಿಯವರೆಗೆ ಕಂಡದ್ದಕ್ಕೆಲ್ಲ ತೆರಿಗೆ ಹಾಕುವ ನಮ್ಮ ಸರ್ಕಾರ ಹೊಟ್ಟೆಕಿಚ್ಚನ್ನು ಮಾತ್ರ ಹೇಗೋ ಮರೆತುಬಿಟ್ಟಿದೆ. ನೆನಪಾದ ದಿನ ಗುಂಡಿ ಮುಚ್ಚಲು ದುಡ್ಡಿಲ್ಲ ಎನ್ನುವ ಮಾತೇ ಇರುವುದಿಲ್ಲ; ಜಾಲಹಳ್ಳಿಯ ಕೃಷ್ಣಸ್ವಾಮಿಯವರೊಬ್ಬರ ಬಾಬತ್ತಿನಲ್ಲೇ ಸರ್ಜಾಪುರದವರೆಗೆ ಡಾಂಬರು ಹಾಕಬಹುದು.

ಕೃಷ್ಣಸ್ವಾಮಿಯವರು ಸರ್ಕಾರಿ ಕಾರ್ಖಾನೆಯೊಂದರ ಮೆಷಿನ್ ಶಾಪಿನಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಸ್ವಂತ ಮನೆ, ಸಕ್ಕರೆಯಿಲ್ಲದ ಕಾಫಿ, ಎದುರುತ್ತರ ಕೊಟ್ಟರೂ ಅನ್ನ ಬಡಿಸುವ ಹೆಂಡತಿ ಸೀತಾ. ಜೀವನದಲ್ಲಿ ಅವರಿಗಿದ್ದ ತೊಂದರೆ ಒಂದೇ: ಷಡ್ಡಕ. ಸೀತಾಳ ತಂಗಿ ಶ್ರೀರಂಜನಿಯ ಗಂಡ ಸುಜಯ್, ವೈಟ್‌ಫೀಲ್ಡಿನ ಕಂಪನಿಯ ಕೆಲಸಕ್ಕೆ ರಾಜೀನಾಮೆ ಬಿಸಾಡಿ, ಸರ್ಜಾಪುರದಾಚೆ ಒಂದೂಕಾಲು ಎಕರೆ ಕೊಂಡು, "ನಮ್ಮ ಅನ್ನ ನಾವೇ ಬೆಳೀತೀವಿ, ಅಂಗಡಿ ಮುಖ ನೋಡಲ್ಲ" ಎಂದು ಸಾರಿ ಹೊರಟುಹೋಗಿದ್ದ.

ಹೋದವನು ತೆಪ್ಪಗಿದ್ದಿದ್ದರೆ ಈ ಕಥೆಯೇ ಇಲ್ಲ. ದಿನಾ ಬೆಳಗ್ಗೆ ಅತ್ತೆಮನೆಯ ವಾಟ್ಸ್ಯಾಪ್ ಗುಂಪಿಗೆ ಫೋಟೋ. ಹುಲ್ಲಿನ ಟೋಪಿ ಹಾಕಿಕೊಂಡ ಸುಜಯ್, ಕೈಯಲ್ಲಿ ಹೀರೇಕಾಯಿ. ಅದೇ ಟೋಪಿ, ಕೈಯಲ್ಲಿ ಬದನೆಕಾಯಿ. ಪ್ರತಿ ಫೋಟೋದ ಅಂಚಿನಲ್ಲೂ ಅರ್ಧಕ್ಕೆ ಕತ್ತರಿಸಿದ ಯಾರದೋ ಕಪ್ಪು ಮೊಣಕೈ. ಮೊಣಕೈ ಯಾರದು ಎಂದು ಗುಂಪಿನಲ್ಲಿ ಯಾರೂ ಕೇಳಲಿಲ್ಲ. ನಮ್ಮ ದೇಶದಲ್ಲಿ ಕೇಳುವ ಪದ್ಧತಿಯಿಲ್ಲ.

ಫೋಟೋದ ಹಿಂದೆಯೇ ಅತ್ತೆಯ ಧ್ವನಿಸಂದೇಶ ಬರುತ್ತಿತ್ತು: "ಸೀತಾ, ನೋಡಿದ್ಯೇನೇ ಚಿಕ್ಕಳಿಯಂದ್ರ ಹೀರೇಕಾಯಿ? ಏನು ಲಕ್ಷಣವಾಗಿದೆ! ಕೈ ಮುಗೀಬೇಕು ಅನ್ಸುತ್ತೆ."

ಮದುವೆಯಾದಂದಿನಿಂದ ಕೃಷ್ಣಸ್ವಾಮಿಯವರ ಯಾವ ವಸ್ತುವನ್ನೂ ಅತ್ತೆ ಲಕ್ಷಣವಾಗಿದೆ ಎಂದವರಲ್ಲ. ಅವರು ಕನ್ನಡಕ ಹಾಕಿಕೊಂಡು ಫೋಟೋವನ್ನು ಹಿಗ್ಗಿಸಿದರು.

"ನೋಡೇ ಇಲ್ಲಿ. ಕೊತ್ತಂಬರಿ ಕಟ್ಟಿಗೆ ರಬ್ಬರ್ ಬ್ಯಾಂಡ್! ಗಿಡದಲ್ಲಿ ರಬ್ಬರ್ ಬ್ಯಾಂಡ್ ಬಿಡುತ್ತಾ?"

"ಅವರೇ ಕಟ್ಟಿರ್ತಾರೆ ಬಿಡ್ರೀ."

"ಇದು ಮಾರ್ಕೆಟ್ಟಿನ ಗಂಟು ಕಣೇ!"

"ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಕು. ಬೇಕಿದ್ರೆ ನೀವೂ ಒಂದು ಮೆಣಸಿನಕಾಯಿ ಗಿಡ ಹಾಕಿ, ಅಮ್ಮಂಗೆ ತೋರಿಸಿ."

ಸೀತಾ ಹೇಳಿದ್ದು ಒಂದು ಮೆಣಸಿನಕಾಯಿ ಗಿಡ. ಕೃಷ್ಣಸ್ವಾಮಿಯವರು ದೀಪಾವಳಿ ಮುಗಿಯುವುದರೊಳಗೆ ಸುಜಯ್‌ನ ಗೇಟಿಗೆ ನೇರ ಎದುರಿಗೆ, ರಸ್ತೆಯ ಆಚೆ ಬದಿಯಲ್ಲಿ, ಪಾಪಯ್ಯನೆಂಬ ರೈತನ ಹತ್ತು ಗುಂಟೆಯನ್ನು ಗುತ್ತಿಗೆಗೆ ಹಿಡಿದುಬಿಟ್ಟರು. ಅದರಲ್ಲೊಂದು ತಗಡಿನ ಶೀಟಿನ ಮನೆಯಿತ್ತು. ಪ್ರೆಷರ್ ಕುಕ್ಕರ್, ಇನ್ವರ್ಟರ್ ಹಾಗೂ ಮುನಿಸಿಕೊಂಡ ಸೀತಾಳ ಸಮೇತ ಸ್ವಾವಲಂಬನೆಯ ಬದುಕು ಆರಂಭವಾಯಿತು.

ಮಿಕ್ಕವರು ಮೊದಲು ಮಣ್ಣು ನೋಡುತ್ತಾರೆ, ನೀರು ನೋಡುತ್ತಾರೆ. ಫೋರ್‌ಮನ್ ಆದವರು ಮೊದಲು ನೆಲದ ಗುರುತು ನೋಡುತ್ತಾರೆ. ಯಾವ ಯಂತ್ರ ಎಲ್ಲಿ, ದಾರಿ ಎಲ್ಲಿ ಎಂದು ಗೆರೆ ಎಳೆಯದ ಶಾಪಿಗೆ ಅವರು ಕಾಲಿಟ್ಟವರೇ ಅಲ್ಲ. ಹತ್ತು ಗುಂಟೆಗೂ ಸುಣ್ಣದ ಗೆರೆ ಬಿತ್ತು. ಪ್ರತಿ ಪಾತಿಯ ಮೂಲೆಗೂ ಮೊಣಕಾಲೆತ್ತರದ ಕಲ್ಲು ನೆಟ್ಟು, ಹಳದಿ ಬಣ್ಣ ಬಳಿದು, ಅದರ ಮೇಲೆ ಕೆಂಪಿನಲ್ಲಿ ನಂಬರು ಬರೆದರು. ಅವರ ಕಾರ್ಖಾನೆಯಲ್ಲಿ ಯಂತ್ರಗಳ ಎಣಿಕೆ ಯಾವತ್ತೂ ಒಂದರಿಂದ ಶುರುವಾದದ್ದಿಲ್ಲ, ನೂರ ಒಂದರಿಂದಲೇ. ಒಂದು ಎಂದು ಬರೆದರೆ ಹೊಸಬರ ಅಂಗಡಿಯಂತೆ ಕಾಣುತ್ತದೆ ಎಂಬುದು ಅಲ್ಲಿನ ಹಿರಿಯರ ಸಿದ್ಧಾಂತ. ಆದ್ದರಿಂದ ಬದನೆಯ ಪಾತಿ ೧೦೧, ಮೂಲಂಗಿ ೧೦೨, ಅವರೆ ೧೦೩.

ಮರುದಿನ ಪಾಪಯ್ಯ ಬಂದ. ಕಲ್ಲಿನ ಮುಂದೆ ನಿಂತ. ಹೆಗಲ ಟವಲು ತೆಗೆದು ಕಂಕುಳಲ್ಲಿಟ್ಟುಕೊಂಡ.

"ಸಾರ್, ಇದು ನೂರ ಒಂದಾ?"

"ಹೌದಪ್ಪಾ. ಇಲ್ಲಿಂದ ಶುರು."

"ಅಂಗಾದ್ರೆ ಒಂದರಿಂದ ನೂರು ಯಾವ ಊರಾಗೆ ಆಕಿದ್ದೀರಾ?"

ನಾನು ಇದೇ ಮೊದಲು ಗಿಡ ನೆಡುತ್ತಿರುವುದು ಎಂದು ಬಾಯಿಬಿಟ್ಟರೆ ಎದುರು ಗೇಟಿಗೆ ಸುದ್ದಿ ಮುಟ್ಟುತ್ತದೆ! ಕೃಷ್ಣಸ್ವಾಮಿಯವರು ಗಂಟಲು ಸರಿಮಾಡಿಕೊಂಡರು. "ಅದೆಲ್ಲಾ ಮುಗಿದಿದೆ ಬಿಡಪ್ಪ. ಇಲ್ಲಿ ಹೇಗಾಗುತ್ತೆ ನೋಡ್ಕೊಂಡು ಆಮೇಲೆ ವಿಸ್ತರಣೆ."

"ಎಲ್ಲೀಗಂಟ ಸಾರ್?"

"ಕೆರೆವರೆಗೂ ಹೋಗ್ಬೇಕು ಅಂತಿದೆ. ದೇವರಿಚ್ಛೆ."

ಪಾಪಯ್ಯನಿಗೆ ದೇವರ ಇಚ್ಛೆ ಗೊತ್ತಿರಲಿಲ್ಲ. ಸರ್ಕಾರದ ಇಚ್ಛೆ ಚೆನ್ನಾಗಿ ಗೊತ್ತಿತ್ತು. ಹಿಂದೊಮ್ಮೆ ಪಕ್ಕದೂರಿಗೂ ಹೀಗೇ ಯಾರೋ ಕನ್ನಡಕದವರು ಬಂದು, ಹೀಗೇ ಹಳದಿ ಕಲ್ಲು ನೆಟ್ಟು, ಹೀಗೇ ಏನೂ ಇಲ್ಲ ಎಂದು ಹೇಳಿ ಹೋಗಿದ್ದರು. ಈಗ ಅಲ್ಲಿ ಕೈಗಾರಿಕಾ ಪ್ರದೇಶವಿದೆ, ಊರು ಇಲ್ಲ. ಅವನು ಓಡಿದ್ದು ನೆಟ್ಟಗೆ ಬೈರಮ್ಮನ ಮನೆಗೆ. ಆ ಸ್ವಾಧೀನದಲ್ಲಿ ಮೂರೆಕರೆ ಕಳೆದುಕೊಂಡು, ಈ ಊರಿನಲ್ಲಿ ಮಿಕ್ಕ ಅರ್ಧ ಎಕರೆಯಲ್ಲಿ ಅವರೆ ಬೆಳೆದು, ಇಡೀ ಊರಿಗೆ ಬೈಗುಳ ಬೆಳೆಯುತ್ತಿದ್ದ ಮುದುಕಿ.

"ಜೋರು ಮಾಡ್ಬ್ಯಾಡ್ರೀ," ಎಂದಳು ಬೈರಮ್ಮ. "ಓದ ಸಲ ಕಲ್ಲು ಕಿತ್ತು ಜೈಲಿಗೆ ಓದ್ವಿ. ಈ ಸಲ ಮೊದಲು ಒಳ್ಳೆ ಮಾತಾಗೆ ನೋಡಾನ. ಯಾವ ಆಫೀಸರ್ರೂ ಕುಂಬಳಕಾಯಿ ಬ್ಯಾಡ ಅಂದಿದ್ದು ನಾ ಕಂಡಿಲ್ಲ."

ಹೀಗೆ ಕೃಷ್ಣಸ್ವಾಮಿಯವರ ಹೊಲದಲ್ಲಿ ಸಮೃದ್ಧಿ ಶುರುವಾಯಿತು.

ಬೆಳಗ್ಗೆ ಬಾಗಿಲು ತೆರೆದರೆ ಮೊದಲ ದಿನ ಒಂದು ಕುಂಬಳಕಾಯಿ. ಮಾರನೆಯ ದಿನ ತಂಬಿಗೆಯ ತುಂಬ ಗಟ್ಟಿ ಹಾಲು, ಅದರ ಪಕ್ಕ ನುಗ್ಗೆಕಾಯಿಯ ಕಟ್ಟು. ಆಮೇಲೆ ಟೊಮೆಟೊ, ಎಳನೀರು, ಒಬ್ಬನಂತೂ ರಾಗಿಯ ಚೀಲವನ್ನೇ ಇಳಿಸಿ, "ನಮ್ದು ಕೆರೆ ಮಗ್ಗುಲದು ಸಾರ್, ಸ್ವಲ್ಪ ನೋಡ್ಕಳಿ" ಎಂದು ಕೈ ಮುಗಿದ.

"ಖಂಡಿತ ನೋಡ್ತೀನಪ್ಪ, ಸಂಜೆ ವಾಕಿಂಗ್ ಬಂದಾಗ" ಎಂದರು ಕೃಷ್ಣಸ್ವಾಮಿಯವರು.

ಆ ಮನುಷ್ಯ ಸಂಜೆಯವರೆಗೂ ಊಟ ಮಾಡಲಿಲ್ಲ.

"ಇವರೆಲ್ಲ ಯಾಕ್ರೀ ತಂದುಕೊಡ್ತಾರೆ?" ಸೀತಾಳಿಗೆ ಅನುಮಾನ.

"ಮರ್ಯಾದೆ ಕಣೇ, ಮರ್ಯಾದೆ! ಹಳ್ಳಿ ಜನಕ್ಕೆ ದುಡಿಯೋರು ಯಾರು, ಫೋಟೋ ಹೊಡ್ಕೊಳ್ಳೋರು ಯಾರು ಅಂತ ಗೊತ್ತಾಗುತ್ತೆ. ಎದುರುಮನೆಗೆ ಒಂದು ಸೌತೆಕಾಯಿ ಹೋಗ್ತಿದ್ಯಾ ನೋಡು. ಆ ಕುಂಬಳಕಾಯಿ ಹಿಡ್ಕೋ, ಫೋಟೋ ತೆಗೀಬೇಕು."

ಫೋಟೋ ಹೋಯಿತು. ಕೆಳಗೆ ಎರಡೇ ಪದ: 'ನಮ್ಮ ಹೊಲದ್ದು.' ಅದು ಸುಳ್ಳೇನಲ್ಲ, ಸಿಕ್ಕಿದ್ದು ನಮ್ಮ ಹೊಲದಲ್ಲೇ ತಾನೇ ಎಂದು ಅವರ ಅಂತರಾತ್ಮ ಸಹಿ ಹಾಕಿತು.

ಅತ್ತೆಯ ಸಂದೇಶ ಬಂತು: "ದೊಡ್ಡಳಿಯಂದ್ರೇ, ಅಬ್ಬಬ್ಬಾ, ತೊಟ್ಟಿಲ ಮಗು ಇದ್ದಹಾಗಿದೆ! ಸಂಕ್ರಾಂತಿಗೆ ನಾವೆಲ್ಲ ಅಲ್ಲಿಗೇ ಬರ್ತೀವಿ. ಹಿತಕಿದವರೆ ಸಾರು ನಿಮ್ಮನೇದೇ ಆಗಬೇಕು."

ಕೃಷ್ಣಸ್ವಾಮಿಯವರು ಆ ಸಂದೇಶವನ್ನು ಮತ್ತೆ ಮತ್ತೆ ಕೇಳಿದರು. ಅಂಗಳದಲ್ಲಿ ನಿಂತು, ಫೋನಿನ ಸದ್ದು ಏರಿಸಿ, ಎದುರು ಗೇಟಿಗೆ ಕೇಳುವಂತೆ ಕೇಳಿದರು.

ಸುಜಯ್ ಸಂಜೆಗೇ ರಸ್ತೆ ದಾಟಿ ಬಂದ. ಮುಖ ಹುಳಿ ಮಜ್ಜಿಗೆ ಕುಡಿದಂತಿತ್ತು. "ಭಾವ, ನೀವು ಬಂದು ಇನ್ನೂ ಎರಡು ತಿಂಗಳಾಗಿಲ್ಲ. ಅಷ್ಟು ದೊಡ್ಡ ಕುಂಬಳಕಾಯಿ ಹೇಗೆ? ನನ್ನ ಬಳ್ಳೀಲಿ ಹೂವೇ ಉದುರಿಹೋಗ್ತಿದೆ. ಏನು ಗೊಬ್ಬರ ಹಾಕ್ತೀರಿ?"

"ಶಿಸ್ತು!" ಎಂದರು ಭಾವ. "ಅಳತೆ, ಗೆರೆ, ನಂಬರು. ಗಿಡಕ್ಕೂ ತನ್ನ ಜಾಗ ಯಾವುದು ಅಂತ ಗೊತ್ತಾಗ್ಬೇಕಪ್ಪ."

ಹೊಟ್ಟೆಕಿಚ್ಚು ಬಾಳೆಕಂದಿನ ಹಾಗೆ. ಒಂದು ಹೊಲದಲ್ಲಿ ನೆಟ್ಟರೆ ಪಕ್ಕದ ಹೊಲದಲ್ಲಿ ಮರಿ ಏಳುತ್ತದೆ. ನಾಲ್ಕೇ ದಿನದಲ್ಲಿ ಸುಜಯ್‌ನ ಜಮೀನಿಗೆ ಟೆಂಪೊ ತುಂಬ ಗ್ರಾನೈಟ್ ಕಂಬಗಳು ಬಂದಿಳಿದವು. ಪಾಲಿಶ್ ಮಾಡಿಸಿ, ಅಂಕಿ ಕೆತ್ತಿಸಿದ್ದು. ಶುರುವೇ ೨೦೧. ಕೃಷ್ಣಸ್ವಾಮಿಯವರು ಅವತ್ತು ಊಟ ಬಿಟ್ಟು, ಬೇಲಿಯುದ್ದಕ್ಕೂ ೩೦೧ರಿಂದ ನೆಟ್ಟರು. ಸುಜಯ್ ತನ್ನ ಗೇಟಿನಾಚೆ ರಸ್ತೆಯ ಪಕ್ಕಕ್ಕೂ ನೆಡಿಸಿದ: ೪೦೧. ಗಿಡ ನೆಡುವುದನ್ನು ಇಬ್ಬರೂ ಅಷ್ಟರಲ್ಲಿ ಮರೆತಿದ್ದರು.

ಊರು ಮರೆತಿರಲಿಲ್ಲ. "ರಸ್ತೆ ಎರಡು ಕಡೇನೂ ಬಂತು!" "ಮೊದಲು ಬಣ್ಣದ ಕಲ್ಲು ಆಕಿದ್ರು, ಈಗ ಗ್ರಾನೈಟು. ದುಡ್ಡು ಮಂಜೂರಾಗೈತೆ!" "ನಾನೂರಾ ಒಂದಂತೆ ಕಣಣ್ಣಾ, ಸರ್ಜಾಪುರಾನೇ ಓಯ್ತು ತಿಳ್ಕಾ!"

ಊರಿನವರು ತಾಲ್ಲೂಕು ಕಚೇರಿಗೆ ಹೋಗಿ ಕೂಗಾಡಿದ ಮೇಲೆ ಸರ್ವೇಯರ್ ಪ್ರಸನ್ನ ಬೈಕಿನಲ್ಲಿ ಬಂದ. ಹೆಲ್ಮೆಟ್ ತೆಗೆಯದೆ ರಸ್ತೆಯಲ್ಲೇ ನಿಂತು ಕಲ್ಲುಗಳನ್ನು ನೋಡಿದ.

"ನೋಡಿ, ಇಲ್ಲಿ ಯಾವ ಯೋಜನೇನೂ ಇಲ್ಲ" ಎಂದ.

ಗುಂಪಿನಲ್ಲಿ ಹೆಂಗಸೊಬ್ಬಳು ಅಳತೊಡಗಿದಳು. "ಮುಗೀತು," ಎಂದ ಪಾಪಯ್ಯ. "ಓದ ಸಲಾನೂ ಇದೇ ಮಾತು ಏಳಿದ್ರು."

"ಅಯ್ಯೋ, ನಿಜವಾಗ್ಲೂ ಇಲ್ಲ ಕಣ್ರೀ!"

"ಅಂಗಾದ್ರೆ ಕಿತ್ತಾಕಿ ಸಾಮಿ ಕಲ್ಲ" ಎಂದಳು ಬೈರಮ್ಮ.

ಪ್ರಸನ್ನ ಬಗ್ಗಿದ. ಕಲ್ಲಿನ ಮೇಲೆ ಕೈಯಿಟ್ಟ. ಆಮೇಲೆ ಅವನಿಗೇ ಅನುಮಾನ ಬಂತು. ನಮ್ಮ ಇಲಾಖೆಯದ್ದಲ್ಲ, ಸರಿ. ಬೇರೆ ಇಲಾಖೆಯದ್ದಾದರೆ? ಮೇಲಿನವರಿಗೆ ಫೋನು ಮಾಡಿದ. ಮೇಲಿನವರು ಇನ್ನೂ ಮೇಲಿನವರಿಗೆ ಮಾಡಿದರು. ಅತಿ ಮೇಲಿನಿಂದ ಉತ್ತರ ಇಳಿದು ಬಂತು: "ಯಾರದ್ದು ಅಂತ ಗೊತ್ತಾಗೋವರೆಗೂ ಮುಟ್ಟಬೇಡಿ. ನಂಬರ್ ಇದೆ ಅಂದ್ರೆ ಯಾರೋ ದೊಡ್ಡವರದ್ದೇ ಇರುತ್ತೆ."

ಪ್ರಸನ್ನ ಕಲ್ಲಿನಿಂದ ಕೈ ತೆಗೆದು, ಬಿದ್ದಿದ್ದ ಸುಣ್ಣದ ಧೂಳನ್ನು ತನ್ನ ಕರ್ಚೀಫಿನಿಂದಲೇ ಒರೆಸಿ, ಬೈಕು ಹತ್ತಿದ. ಹೀಗೆ ಬದನೆಯ ಪಾತಿಗೆ ಸರ್ಕಾರದ ರಕ್ಷಣೆ ದೊರೆಯಿತು.

ಸಂಕ್ರಾಂತಿ ಬಂತು. ಮೆಜೆಸ್ಟಿಕ್ ಕಡೆಯಿಂದ ಅತ್ತೆಯನ್ನೂ ಬಂಧುಬಳಗವನ್ನೂ ತುಂಬಿಕೊಂಡು ಹೊರಟ ವ್ಯಾನು ಬಿಸಿಲೇರಿದ ಮೇಲೆ ತಲುಪಿತು. ಕೃಷ್ಣಸ್ವಾಮಿಯವರು ರೇಷ್ಮೆ ಪಂಚೆಯುಟ್ಟು, ಕುಂಬಳಕಾಯಿಗಳನ್ನು ಮೆಟ್ಟಿಲಾಗಿ ಪೇರಿಸಿ, ಪಕ್ಕದಲ್ಲಿ ನುಗ್ಗೆ, ಟೊಮೆಟೊ, ಅವರೆಕಾಯಿಯ ರಾಶಿ ಹಾಕಿ, ನವರಾತ್ರಿಯ ಗೊಂಬೆಗಳ ಹಾಗೆ ಜೋಡಿಸಿದ್ದರು. ಸುಜಯ್ ಒಂದು ತೆಳ್ಳನೆಯ ಹೀರೇಕಾಯಿ ಹಿಡಿದು ಮೂಲೆಯಲ್ಲಿ ನಿಂತಿದ್ದ. ಆ ನೋಟಕ್ಕಾಗಿಯೇ ಭಾವ ತಗಡಿನ ಮನೆಯಲ್ಲಿ ಇಷ್ಟು ದಿನ ಸೊಳ್ಳೆ ಕಚ್ಚಿಸಿಕೊಂಡದ್ದು.

ಅತ್ತೆ ರಾಶಿಯ ಮುಂದೆ ನಿಂತು ಮೂಗಿನ ಮೇಲೆ ಬೆರಳಿಟ್ಟರು. "ಇಷ್ಟೂ ನಿಮ್ಮ ಕೈಯಿಂದಲೇ ಬೆಳೆದಿದ್ದಾ?"

ಕೃಷ್ಣಸ್ವಾಮಿಯವರು ಬಾಯಿ ತೆರೆದರು. ಅಷ್ಟರಲ್ಲಿ ಹೊರಗೆ ತಮಟೆ ಬಡಿಯಿತು.

ರಸ್ತೆಯ ತುಂಬ ಜನ. ಹೆಗಲ ಮೇಲೆ ಹಸಿರು ಟವಲು, ಅಡ್ಡಲಾಗಿ ಎರಡು ಟ್ರ್ಯಾಕ್ಟರ್, ನಡುರಸ್ತೆಯಲ್ಲಿ ಮೂರು ಕಲ್ಲಿನ ಒಲೆ, ಒಲೆಯ ಮೇಲೆ ಹಂಡೆ. "ಭೂಮಿ ನಮ್ಮದು! ಕಲ್ಲು ನಿಮ್ಮದು! ನಿಮ್ಮ ಕಲ್ಲು ನೀವೇ ಹೊರ್ರೀ!" ಎಂಬ ಕೂಗು. ಬಂಧುಬಳಗ ಫೋಟೋ ತೆಗೆಯಿತು; ಹಳ್ಳಿಯ ಸಂಕ್ರಾಂತಿ ಹೀಗೇ ಇರುತ್ತದೆಂದು ಅವರ ನಂಬಿಕೆ.

ಬೈರಮ್ಮ ನೆಟ್ಟಗೆ ಒಳಗೆ ಬಂದಳು. "ಆಫೀಸರ್ರೇ, ಬರೀ ಉಣ್ಣೋದೇ ಆಯ್ತು ನಿಮ್ದು. ಈಗ ಇಷ್ಟು ಜನರ ಮುಂದೆ ಏಳಿ, ನಮ್ಮ ಜಮೀನು ಬುಡ್ತೀರಾ, ಇಲ್ವಾ?"

"ಯಾವ ಆಫೀಸರ್ ಅಮ್ಮಾ? ನಾನು ರಿಟೈರ್ಡ್!"

"ರಿಟೈರ್ ಆದ್ರೂ ಬುಡಾಕಿಲ್ವಾ! ನನ್ನ ಮೂರೆಕರೆ ತಿಂದು ಕಂಪನಿ ಕಟ್ಟಿದ್ರಿ. ನಾವು ರಾಗಿ ಬೆಳೀತಿದ್ದ ಜಾಗಕ್ಕೆ ನನ್ನ ಮಗ ಈಗ ಕತ್ತಿಗೆ ಕಾರ್ಡು ನೇತಾಕ್ಕೊಂಡು, ತೋರಿಸಿ, ಒಳೀಕ್ಕೆ ಓಗ್ಬೇಕು. ಅವರಪ್ಪ ಸತ್ತಿದ್ದು ಅದೇ ಒಲದಾಗೆ. ಅವ್ನು ಯಾವ ಕಾರ್ಡು ತೋರ್ಸಿದ್ದ? ಈ ಅರ್ಧ ಎಕರೆಗೂ ನೂರಾ ಏಳು ಅಂತ ನಂಬರ್ ಆಕ್ತೀರಾ?"

ಕೃಷ್ಣಸ್ವಾಮಿಯವರಿಗೆ ಎಲ್ಲವೂ ಒಟ್ಟಿಗೆ ಹೊಳೆಯಿತು: ಹಾಲು, ಕುಂಬಳಕಾಯಿ, ಕೈಮುಗಿತ. ಈಗ ನಿಜ ಹೇಳಿದರೆ ಊರಿಗೆ ಜೀವ ಬರುತ್ತದೆ. ಅತ್ತೆಯ ಮುಂದೆ ತನ್ನ ಮಾನ ಹೋಗುತ್ತದೆ. ಅವರು ಸುಜಯ್‌ನತ್ತ ನೋಡಿದರು. ಸುಜಯ್ ಕಿವಿ ನಿಮಿರಿಸಿದ್ದ. ಒಂದು ದಿನದ ಮಟ್ಟಿಗೆ ಆಫೀಸರಾಗಿಯೇ ಉಳಿದು, ವ್ಯಾನು ಹೊರಟಮೇಲೆ ನಿಜ ಹೇಳಿದರಾಗದೇ ಎಂಬ ಯೋಚನೆಯೂ ಬಂತು. ನಿಮಗೆ ಅದು ಹೀನ ಎನಿಸಬಹುದು. ನಿಮಗೆ ಷಡ್ಡಕ ಇಲ್ಲವೆಂದು ಕಾಣುತ್ತದೆ.

"ರೀ, ಬಾಯಿ ಬಿಡಿ!" ಎಂದಳು ಸೀತಾ. "ಆ ಯಮ್ಮ ನಡುಗ್ತಿದ್ದಾರೆ ನೋಡಿ!"

"ನೂರ ಏಳು... ಹಾಗಲಕಾಯಿ," ಎಂದರು ಕೃಷ್ಣಸ್ವಾಮಿಯವರು. "ನೂರ ಒಂದು ಬದನೆಕಾಯಿ. ಸರ್ವೆ ಅಲ್ಲಮ್ಮಾ, ಪಾತಿ. ನನ್ನ ತರಕಾರಿ ಪಾತಿ."

"ಪಾತಿ ಅಂದ್ರೆ ಗಿಡ ಎಲ್ಲಿ?" ಎಂದ ಪಾಪಯ್ಯ.

ಎಲ್ಲರೂ ನೋಡಿದರು. ಹತ್ತು ಗುಂಟೆಯಲ್ಲಿ ಕಲ್ಲು ಬಿಟ್ಟು ಬೇರೇನೂ ಬೆಳೆದಿರಲಿಲ್ಲ. ತಾನು ಅಧಿಕಾರಿಯಲ್ಲ, ರೈತ ಎಂದು ಸಾಧಿಸಲು ಅವರ ಬಳಿ ಸಾಕ್ಷಿಯೇ ಇಲ್ಲ. ರೇಷ್ಮೆ ಪಂಚೆ ಮೇಲಕ್ಕೆ ಕಟ್ಟಿ ೧೦೨ಕ್ಕೆ ಧಾವಿಸಿದರು. ಮಂಡಿಯೂರಿ ಮಣ್ಣು ಕೆದಕಿದರು. ಕೊನೆಗೊಂದು ಎಲೆ ಸಿಕ್ಕಿತು. ಎಳೆದರು. ಇಲಿಬಾಲದಂಥ ಮೂಲಂಗಿಯೊಂದು ಎರಡು ಬೆರಳ ನಡುವೆ ನೇತಾಡಿತು. ಅದನ್ನೆತ್ತಿ, ಅತ್ತೆಗೂ ಷಡ್ಡಕನಿಗೂ ಇಡೀ ಹೋರಾಟಗಾರರಿಗೂ ಕಾಣುವಂತೆ ಹಿಡಿದರು.

"ಇದು... ಇದೊಂದೇ ನಾನು ಬೆಳೆದಿದ್ದು!"

ಬೈರಮ್ಮ ಅದನ್ನು ಈಸಿಕೊಂಡು, ಬಿಸಿಲಿಗೆ ಹಿಡಿದು ನೋಡಿದಳು. "ಬುಡ್ರಲೇ," ಎಂದಳು ಜನರ ಕಡೆ ತಿರುಗಿ. "ಸರ್ಕಾರದೋನಲ್ಲ. ಸರ್ಕಾರದೋನಾಗಿದ್ರೆ ಬ್ಯಾರೆಯೋರ ಕೈಲಾದ್ರೂ ಬೆಳೆಸಿರೋನು."

ರಸ್ತೆಯುದ್ದಕ್ಕೂ ನಗೆ ಹಬ್ಬಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಸುಜಯ್. ಅವನ ನಗು ಮುಗಿಯುವ ಮೊದಲೇ ಪಾಪಯ್ಯ ಅವನತ್ತ ತಿರುಗಿದ: "ನಿಮ್ಮ ಇನ್ನೂರಾ ಒಂದು ಏನ್ ಸಾರ್?"

"ಅದು... ಫಾರ್ಮ್ ಕಣ್ರೀ. ನಾನು ಸ್ವಂತ ಬೆಳೀತೀನಿ."

"ಸ್ವಂತ? ಇಲ್ಲಿ ಉಳೋನು, ಬಿತ್ತೋನು, ನೀರು ಕಟ್ಟೋನು ಇವ್ನಲ್ವಾ?" ಎಂದು ಪಾಪಯ್ಯ ಗುಂಪಿನಿಂದ ಒಬ್ಬನನ್ನು ಮುಂದಕ್ಕೆಳೆದ. ಸುಜಯ್‌ನ ಹೊಲದಲ್ಲಿ ಕೂಲಿಗಿದ್ದ ರಾಯಚೂರು ಕಡೆಯ ಹಣಮಂತ. ಅತ್ತೆ ಕನ್ನಡಕ ಏರಿಸಿ ಅವನನ್ನೇ ನೋಡಿದರು. ಮುಖ ಗುರುತು ಸಿಗಲಿಲ್ಲ; ಮೊಣಕೈ ಮಾತ್ರ ಸಿಕ್ಕಿಬಿಟ್ಟಿತು.

"ಅಯ್ಯೋ, ದಿನಾ ಫೋಟೋದಲ್ಲಿ ಬರ್ತಾರಲ್ಲ, ಅವರು ನೀವೇನಪ್ಪಾ?"

"ಹೌದ್ರೀ ಅವ್ವಾರ, ನಾನರೀ" ಎಂದ ಹಣಮಂತ. "ಸಾಹೇಬ್ರು ಸ್ವಲ್ಪ ಸರಿ, ಇನ್ನೂ ಸರಿ ಅಂತಿದ್ರು. ಸರದು ಸರದು ಅಷ್ಟ ಉಳದೇನ್ರೀ."

ಆಮೇಲಿನ ಕೆಲಸ ಬೇಗ ನಡೆಯಿತು. ಹಳದಿ ಕಲ್ಲುಗಳನ್ನು ಕೃಷ್ಣಸ್ವಾಮಿಯವರ ಕೈಯಿಂದಲೇ ಕೀಳಿಸಿದರು, ಗ್ರಾನೈಟನ್ನು ಸುಜಯ್‌ನಿಂದ. ಸೊಂಟ ನೋವು ಎಂದವರಿಗೆ ಬೈರಮ್ಮ, "ನೆಡುವಾಗ ಇತ್ತಾ?" ಎಂದು ಕೇಳಿದಳು. ಕುಂಬಳಕಾಯಿಗಳು ತಮ್ಮ ತಮ್ಮ ಒಡೆಯರ ಹೆಗಲೇರಿ ಮನೆಗೆ ಹೋದವು. ಅವರೆಕಾಯಿಯ ರಾಶಿ ನಡುರಸ್ತೆಯ ಹಂಡೆಯ ಕಡೆ ಸಾಗಿತು. ಅತ್ತೆಗೆ ಬಡಿಸಬೇಕಿದ್ದ ಎಲೆಯ ಮುಂದೆ ಮೂಲಂಗಿ ಮತ್ತು ಹೀರೇಕಾಯಿ ಒಂದನ್ನೊಂದು ನೋಡುತ್ತ ಮಲಗಿದ್ದವು.

ಅತ್ತೆಗೆ ಸಕ್ಕರೆ ಕಾಯಿಲೆ. ಹೊತ್ತು ಮೀರಿದರೆ ಕೈಕಾಲು ನಡುಗುತ್ತದೆ. ಜೊತೆಗೆ ಅವರು ಎಂಥವರೆಂದರೆ, ಬೀಗರ ಮನೆಯಲ್ಲೂ ಅಡುಗೆಯವರ ಕುಲಗೋತ್ರ ವಿಚಾರಿಸಿಯೇ ತುತ್ತು ಎತ್ತುವವರು. ಈಗ ಹಂಡೆಯಿಂದ ಹಿತಕಿದವರೆಯ ಸೊಗಡು ಎದ್ದು, ಗೇಟು ದಾಟಿ, ಬಂದು ಅವರ ಮೂಗಿನ ಮುಂದೆ ನಿಂತಿತು. ಅತ್ತೆ ಸ್ವಲ್ಪ ಹೊತ್ತು ಕುಲಗೋತ್ರವನ್ನೂ ಸೊಗಡನ್ನೂ ತೂಗಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ರಸ್ತೆಗೆ ನಡೆದು, ಹೋರಾಟಗಾರರ ಸಾಲಿನಲ್ಲಿ ಬೈರಮ್ಮನ ಮಗ್ಗುಲಿಗೆ ಕುಳಿತುಬಿಟ್ಟರು.

"ಅಮ್ಮಾ!" ಎಂದರು ಸೀತಾ, ಶ್ರೀರಂಜನಿ ಒಟ್ಟಿಗೆ.

"ಸುಮ್ನಿರ್ರೇ. ಇನ್ನೊಂದು ಸೌಟು ಹಾಕಮ್ಮಾ ಬೈರಮ್ಮಾ."

ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ಉಂಡರು. ಕೈ ತೊಳೆದ ಮೇಲೆ ಒಂದು ಡಬ್ಬಿಗೂ ಹಾಕಿಸಿಕೊಂಡರು. ವ್ಯಾನು ಹತ್ತುವಾಗ, ಬೆವರಿ, ಮಣ್ಣು ಮೆತ್ತಿ, ಅಂಗೈ ಬೊಬ್ಬೆ ಊದಿಕೊಳ್ಳುತ್ತ ಅಕ್ಕಪಕ್ಕ ನಿಂತಿದ್ದ ಇಬ್ಬರು ಅಳಿಯಂದಿರನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರಿಟ್ಟರು.

"ಏನು ಸಾರು, ಏನು ಸಾರು! ನನಗಿನ್ನೊಬ್ಬಳು ಮಗಳಿದ್ದಿದ್ರೆ ಕಣ್ಮುಚ್ಚಿಕೊಂಡು ಬೈರಮ್ಮನ ಮನೆಗೇ ಕೊಡ್ತಿದ್ದೆ."

ವ್ಯಾನು ಹೊರಟಿತು. ಷಡ್ಡಕರಿಬ್ಬರೂ ಅದರ ಧೂಳಿನಲ್ಲಿ ಬಹಳ ಹೊತ್ತು ನಿಂತರು. ಹುಟ್ಟದ ಹುಡುಗಿ, ಆಗದ ಮದುವೆ, ಇಲ್ಲದ ಅಳಿಯ. ಆದರೂ ಕೃಷ್ಣಸ್ವಾಮಿಯವರ ಹೊಟ್ಟೆಯ ಬಲಭಾಗದಲ್ಲಿ ಹಳೆಯ ಉರಿಯೊಂದು ಹೊಸದಾಗಿ ಹೊತ್ತಿಕೊಂಡಿತು. ಪಕ್ಕಕ್ಕೆ ತಿರುಗಿ ನೋಡಿದರು. ಸುಜಯ್ ಕೂಡ ಅದೇ ಜಾಗ ಒತ್ತಿಕೊಂಡು ನಿಂತಿದ್ದ.

"ಏನಪ್ಪಾ ಸುಜಯ್," ಎಂದರು ಮೊಟ್ಟಮೊದಲ ಬಾರಿಗೆ ಆತ್ಮೀಯವಾಗಿ, ದನಿ ತಗ್ಗಿಸಿ. "ಆ ಬೈರಮ್ಮನ ಮಗ ನೋಡೋಕೆ ಹೇಗಿದ್ದಾನಂತೆ?"